ಅನಂತನಾಗ್ ಸಿನಿಮಾ ಎಲ್ಲಿಂದ ಶುರು ಮಾಡೋದು?

ಕಳೆದ ಚಳಿಗಾಲದಲ್ಲಿ ಇಲ್ಲಿ ನ್ಯೂಜೆರ್ಸಿಯ ಗೆಳೆಯರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಹುಡುಗರು ನೆಲಮಾಳಿಗೆಯಲ್ಲಿ 'ಕೆಜಿಎಫ್' ಹಾಕಿಕೊಂಡು ಕೂತಿದ್ದರು (ಎಷ್ಟನೇ ಸಲವೋ ದೇವರೇ ಬಲ್ಲ). ಹದಿನಾರು ವರ್ಷದ ನನ್ನ ಮಗಳು ಮೇಲೆ ಬಂದವಳೇ, "ಅಪ್ಪ, ಅದರಲ್ಲಿ ಕಥೆ ಹೇಳ್ತಾರಲ್ಲ ಆ ತಾತ, ಅವರು ಬೇರೆ ಯಾವ ಪಿಚ್ಚರಲ್ಲಿ ಇದ್ದಾರೆ?" ಅಂದಳು. ಒಂದು ನಿಮಿಷ ಎಲ್ಲರೂ ಚಪಾತಿ ಮುರಿಯೋದನ್ನ ನಿಲ್ಲಿಸಿದೆವು. ಆಮೇಲೆ ಒಬ್ಬೊಬ್ಬರದೂ ಒಂದೊಂದು ಹೆಸರು. ಒಬ್ಬರು 'ಗಣೇಶನ ಮದುವೆ' ಅಂದ್ರೆ ಇನ್ನೊಬ್ಬರು 'ಬೆಳದಿಂಗಳ ಬಾಲೆ'. ಮುಂಬಯಿಯಲ್ಲಿ ಬೆಳೆದ ಒಬ್ಬ ಅಕ್ಕ "ಅಂಕುರ್ ನೋಡದೆ ಅನಂತನಾಗ್ ಬಗ್ಗೆ ಮಾತಾಡಲೇಬಾರದು" ಅಂತ ತೀರ್ಪು ಕೊಟ್ಟರು. ಗಲಾಟೆಯೋ ಗಲಾಟೆ. ಹುಡುಗಿ ಪಾಪ, ಅರ್ಧಕ್ಕೇ ಕೆಳಗೆ ಓಡಿಹೋದಳು.

ಅವಳಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟ ಹೆಸರುಗಳನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳ್ತಿದ್ದೀನಿ. ಊರು ಬಿಟ್ಟು ಬಂದವರ ಮಕ್ಕಳಿಗೆ ಕನ್ನಡ ಸಿನಿಮಾ ತೋರಿಸಬೇಕು ಅನ್ನೋ ಆಸೆ ಇರುವವರಿಗೆ ಉಪಯೋಗಕ್ಕೆ ಬರಬಹುದು. ನಿಮಗೇ ಎಲ್ಲ ಗೊತ್ತಿದ್ದರೆ ಸುಮ್ಮನೆ ಜಗಳ ಆಡೋಕಾದ್ರೂ ಆದೀತು!

ಮೊದಲಿಗೆ ಒಂದು ಮಾತು. ಬಹುಮುಖ ನಟ ಅಂದ ತಕ್ಷಣ ನಮಗೆ ವೇಷ ನೆನಪಾಗುತ್ತೆ. ಕಮಲಹಾಸನ್ 'ದಶಾವತಾರಂ'ನಲ್ಲಿ (2008) ಹತ್ತು ಪಾತ್ರ ಮಾಡಿದ ಹಾಗೆ. ಮುಖಕ್ಕೆ ಮೇಣ, ಬಾಯಿಗೆ ಬೇರೆ ಹಲ್ಲು, ಬೇರೆ ದನಿ. ಅನಂತನಾಗ್ ಇದರ ಪೂರ್ತಿ ಉಲ್ಟಾ. ಐವತ್ತು ವರ್ಷಕ್ಕೂ ಮೀರಿದ ಸಿನಿಮಾ ಬದುಕಿನಲ್ಲಿ ಅದೇ ದನಿ, ತುಟಿಯ ಒಂದು ಮೂಲೆಯಲ್ಲಿ ಶುರುವಾಗೋ ಅದೇ ನಗು. ಪಕ್ಕದ ಮನೆಯ ರಾಯರು ಬ್ಯಾಂಕಿಗೆ ಹೊರಟ ಹಾಗೆ ಇರ್ತಾರೆ. ಹಾಗಿದ್ದೂ ಒಂದು ಪಾತ್ರ ಇನ್ನೊಂದರ ಹಾಗಿಲ್ಲ. ಯಾಕೆ ಅಂತ ಬಹಳ ದಿನ ಯೋಚನೆ ಮಾಡಿದ್ದೀನಿ. ನನಗೆ ಹೊಳೆದದ್ದು ಇಷ್ಟು: ಅವರಿಗೆ ತೆರೆಯ ಮೇಲೆ ಸಣ್ಣವರಾಗೋಕೆ ಭಯ ಇಲ್ಲ. ಹೀರೋ ಆದವನು ಹೆದರಬಾರದು, ಸುಳ್ಳು ಹೇಳಬಾರದು, ಸೋಲಬಾರದು ಅನ್ನೋ ಕಟ್ಟುಪಾಡು ನಮ್ಮ ಸಿನಿಮಾದಲ್ಲಿ ಎಷ್ಟು ಬಿಗಿ ಅಂತ ನಿಮಗೇ ಗೊತ್ತು. ಅನಂತನಾಗ್ ಪುಕ್ಕಲನನ್ನ ಪುಕ್ಕಲನಾಗಿಯೇ, ಮೋಸಗಾರನನ್ನ ಮೋಸಗಾರನಾಗಿಯೇ ನಮ್ಮ ಮುಂದೆ ಬಿಡ್ತಾರೆ. ಕ್ಷಮಿಸಿ ಅಂತ ನಮ್ಮನ್ನ ಕೇಳಿಕೊಳ್ಳೋದಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ಆ ಅಕ್ಕ ಹೇಳಿದ 'ಅಂಕುರ್' (1974). ಶ್ಯಾಮ್ ಬೆನಗಲ್ ಅವರ ಮೊದಲ ಕಥಾಚಿತ್ರ. ಅನಂತನಾಗ್ ಅವರಿಗೂ ಹೆಚ್ಚುಕಡಿಮೆ ಶುರುವೇ. ಹಿಂದಿನ ವರ್ಷ ಕನ್ನಡದಲ್ಲಿ 'ಸಂಕಲ್ಪ' ಬಂದಿತ್ತು. ಅದಕ್ಕೆ ಮುಂಚೆ ಮುಂಬಯಿಯಲ್ಲಿ ಕೊಂಕಣಿ, ಮರಾಠಿ, ಕನ್ನಡ ನಾಟಕ. 'ಅಂಕುರ್'ನಲ್ಲಿ ಸೂರ್ಯ ಅಂತ ಜಮೀನ್ದಾರನ ಮಗ. ಹೈದರಾಬಾದ್ ಕಡೆಯ ಹಳ್ಳಿಗೆ ಜಮೀನು ನೋಡಿಕೊಳ್ಳೋಕೆ ಅಪ್ಪ ಕಳಿಸ್ತಾನೆ. ಅಪ್ಪನಿಗೆ ಅದೇ ಊರಿನಲ್ಲಿ ಇನ್ನೊಬ್ಬಳಿದ್ದಾಳೆ, ಅವಳಲ್ಲಿ ಒಬ್ಬ ಮಗನೂ ಇದ್ದಾನೆ. ಸೂರ್ಯನಿಗೆ ಅದು ಅಸಹ್ಯ. ಬಂದವನೇ ಆಕೆಯ ಹೊಲಕ್ಕೆ ಹೋಗೋ ನೀರು ನಿಲ್ಲಿಸ್ತಾನೆ. ನೋಡೋ ನಮಗೆ, ಪರವಾಗಿಲ್ಲ, ಹುಡುಗನಿಗೆ ನ್ಯಾಯ ಅನ್ಯಾಯದ ಪ್ರಜ್ಞೆ ಇದೆ ಅನ್ನಿಸುತ್ತೆ. ಮನೆಗೆಲಸದ ಲಕ್ಷ್ಮಿ (ಶಬಾನಾ ಆಜ್ಮಿ) ಕೈಯ ಚಹಾ ಕುಡೀತಾನೆ, ಜಾತಿ ಗೀತಿ ನನಗಿಲ್ಲ ಅಂತಾನೆ. ಇನ್ನೂ ಒಳ್ಳೆಯವನು ಅನ್ನಿಸುತ್ತೆ. ಆಮೇಲೆ ಅಪ್ಪ ಮಾಡಿದ್ದನ್ನೇ ಮಗನೂ ಮಾಡ್ತಾನೆ. ಅವಳು ಬಸುರಿ ಅಂತ ಗೊತ್ತಾದ ಮೇಲೆ ಅವನ ಮುಖ ನೋಡಬೇಕು ನೀವು. ಕ್ರೌರ್ಯ ಇಲ್ಲ ಅಲ್ಲಿ. ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗನ ಹೆದರಿಕೆ. ಕೊನೆಗೆ ಲಕ್ಷ್ಮಿಯ ಗಂಡ, ಕಿವಿ ಬಾಯಿ ಇಲ್ಲದ ಕುಂಬಾರ, ಕೆಲಸ ಕೇಳೋಕೆ ಬರ್ತಾ ಇದ್ದರೆ ಇವನು ಸೇಡು ತೀರಿಸಿಕೊಳ್ಳೋಕೆ ಬಂದ ಅಂದುಕೊಂಡು ಚಾಟಿ ಹಿಡೀತಾನೆ. ಹೆದರಿದ ಮನುಷ್ಯ ಎಷ್ಟು ಕೆಟ್ಟದಾಗಿ ಹೊಡೆಯಬಲ್ಲ ಅನ್ನೋದನ್ನ ನಾನು ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಿಲ್ಲ.

ಆ ಸಿನಿಮಾಕ್ಕೆ ಶಬಾನಾ ಅವರಿಗೆ ಶ್ರೇಷ್ಠ ನಟಿ, ಕುಂಬಾರನ ಪಾತ್ರದ ಸಾಧು ಮೆಹರ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಇಬ್ಬರಿಗೂ ಸಲ್ಲಬೇಕಾದ್ದೇ. ಆದರೆ ಸೂರ್ಯ ಅಷ್ಟು ಸಾಮಾನ್ಯ ಮನುಷ್ಯನಾಗಿ ಇರದೇ ಹೋಗಿದ್ದರೆ ಅದೊಂದು ಜಮೀನ್ದಾರ ವಿಲನ್ ಸಿನಿಮಾ ಆಗಿಬಿಡುತ್ತಿತ್ತು ಅಂತ ನನ್ನ ವಾದ.

ಹಾಗಂತ ಹದಿನಾರರ ಹುಡುಗಿಗೆ ಮೊದಲು ಇದನ್ನೇ ತೋರಿಸಬೇಡಿ. ಶುರು ಮಾಡೋದು 'ಗಣೇಶನ ಮದುವೆ'ಯಿಂದಲೇ (1990). ಫಣಿ ರಾಮಚಂದ್ರ ನಿರ್ದೇಶನ. ವಠಾರದ ಬಾಡಿಗೆದಾರ ವೈ.ಜಿ. ರಾವ್, ಓನರ್ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು, ಅವರ ಮಗಳಾಗಿ ವಿನಯಾ ಪ್ರಸಾದ್. ಎದುರಿಗೆ ಸಿಕ್ಕರೆ ಕಚ್ಚಾಡೋ ಇಬ್ಬರು, ಹಾಡುಗಾರ್ತಿ ಮತ್ತು ಅಭಿಮಾನಿಯಾಗಿ ಗುರುತೇ ಇಲ್ಲದೆ ಪ್ರೀತಿಸ್ತಾರೆ. ವಠಾರ ಅನ್ನೋದನ್ನ ಇಲ್ಲಿನ ಮಕ್ಕಳಿಗೆ ವಿವರಿಸೋದೇ ಕಷ್ಟ. ಒಂದೇ ನಲ್ಲಿ, ಒಂದೇ ಅಂಗಳ, ಎಲ್ಲರ ಮನೆಯ ಸಾರಿನ ವಾಸನೆ ಎಲ್ಲರಿಗೂ ಗೊತ್ತು. ನಾನು ವಿವರಿಸೋದು ಬಿಟ್ಟು ಈ ಸಿನಿಮಾ ಹಾಕ್ತೀನಿ. ಮುಂದಿನ ವರ್ಷ ಅದೇ ನಿರ್ದೇಶಕರ 'ಗೌರಿ ಗಣೇಶ' ಬಂತು, ದೊಡ್ಡ ಮನುಷ್ಯರಿಗೆ ಟೋಪಿ ಹಾಕೋ ಲಂಬೋದರನ ಕಥೆ. ಎರಡರಲ್ಲಿ ಯಾವುದು ಹೆಚ್ಚು ಅಂತ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ.

ನಗಿಸೋ ಅದೇ ಮನುಷ್ಯ ಅದೇ 1990ರಲ್ಲಿ ಮಾಡಿದ ಇನ್ನೊಂದು ಸಿನಿಮಾ 'ಉದ್ಭವ'. ಬಿ.ವಿ. ವೈಕುಂಠರಾಜು ಅವರ ಕೃತಿ, ಕೋಡ್ಲು ರಾಮಕೃಷ್ಣ ನಿರ್ದೇಶನ. ರಾಘಣ್ಣ ಅಂತ ಒಬ್ಬ ಊರ ಹಿತೈಷಿ. ಯಾರಿಗೇ ಏನೇ ಕೆಲಸ ಆಗಬೇಕಾದರೂ ಇವನ ಹತ್ತಿರ ಬರಬೇಕು. ರಸ್ತೆ ಅಗಲ ಮಾಡೋ ಯೋಜನೆ ಒಂದು ಕಡೆ, ಅದರ ದಾರಿಗೆ ಅಡ್ಡವಾಗಿ 'ಉದ್ಭವ' ಆಗೋ ಗಣಪ ಇನ್ನೊಂದು ಕಡೆ. ರಾಘಣ್ಣ ಎಲ್ಲ ಪಕ್ಷದವರಿಗೂ ಬೇಕಾದವನು. ನಗ್ತಾ ನಗ್ತಾ ನೋಡ್ತೀವಿ, ಆದರೆ ಇಂಥವರನ್ನ ನಾವೆಲ್ಲ ಎಲ್ಲೋ ಕಂಡಿದ್ದೀವಿ ಅಂತ ಒಳಗೆ ಚುಚ್ಚುತ್ತೆ. ಊರಲ್ಲಿ ಮಾತ್ರ ಅಂತಲ್ಲ, ಸಮುದ್ರ ದಾಟಿದ ಮೇಲೂ ಕಂಡಿದ್ದೀವಿ ಬಿಡಿ!

ಇದರ ಜೊತೆಗೇ 'ಆಕ್ಸಿಡೆಂಟ್' (1985) ನೋಡಬೇಕು. ತಮ್ಮ ಶಂಕರನಾಗ್ ನಿರ್ದೇಶನ. ಅನಂತನಾಗ್ ಇಲ್ಲಿ ಧರ್ಮಾಧಿಕಾರಿ ಅನ್ನೋ ರಾಜಕಾರಣಿ. ಮತ್ತಿನಲ್ಲಿ ಕಾರು ಓಡಿಸಿದ ಮಗ ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಹತ್ತಿಸಿರ್ತಾನೆ. ಚುನಾವಣೆ ಎದುರಿಗಿದೆ. ಕೇಸು ಮುಚ್ಚಬೇಕು. ಬೆನ್ನು ಹತ್ತೋ ಪತ್ರಕರ್ತನಾಗಿ ಶಂಕರ್. ಅಣ್ಣನನ್ನ ಇಷ್ಟು ತಣ್ಣಗಿನ ಮನುಷ್ಯನಾಗಿ ನೋಡೋ ಕಣ್ಣು ತಮ್ಮನಿಗೇ ಇತ್ತು. ಸತ್ತವರಿಗಿಂತ ಮಗನಿಗಿಂತ ಕುರ್ಚಿಯನ್ನೇ ಮೊದಲು ಯೋಚಿಸೋ ಅಪ್ಪ. ಆದರೂ ಅವನು ಅಪ್ಪ ಅನ್ನೋದನ್ನ ನಾವು ಒಂದು ಕ್ಷಣವೂ ಮರೆಯೋದಿಲ್ಲ. ಶ್ರೀಮಂತರ ಮಕ್ಕಳ ಕಾರು, ಫುಟ್‌ಪಾತು, ಮುಚ್ಚಿಹೋದ ಕೇಸು... 1985ರ ಸಿನಿಮಾ ಅಂತ ಅನ್ನಿಸೋದೇ ಇಲ್ಲ. ಅಂದ ಹಾಗೆ ತೆರೆಯ ಮೇಲೆ ರಾಜಕಾರಣ ಮಾಡಿದ ಇವರು 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ನಿಜವಾದ ಶಾಸಕರಾದರು, ಜೆ.ಎಚ್. ಪಟೇಲರ ಸರ್ಕಾರದಲ್ಲಿ ಮಂತ್ರಿಯೂ ಆದರು. ಆ ಕಾಲದ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ, ನಟನೆಗೆ ವಾಪಸ್ ಬಂದದ್ದು ಖುಷಿ.

ಶಂಕರ್ ಹೆಸರು ಬಂದ ಮೇಲೆ 'ಮಿಂಚಿನ ಓಟ' (1980) ಬಿಡೋ ಹಾಗಿಲ್ಲ. ಶಂಕರ್ ನಿರ್ದೇಶಿಸಿದ ಮೊದಲ ಸಿನಿಮಾ. ಟೋನಿ, ಕಟ್ಟೆ, ತಾತ ಅಂತ ಮೂವರು ಕಾರು ಕಳ್ಳರು. ಅನಂತ್, ಶಂಕರ್, ಲೋಕನಾಥ್. ಓಡೋದು, ಸಿಕ್ಕಿಬೀಳೋದು, ಜೈಲು, ಮತ್ತೆ ಓಡೋದು. ಅಣ್ಣ ತಮ್ಮ ಒಂದೇ ಚೌಕಟ್ಟಿನಲ್ಲಿ ನಿಂತಾಗ ಒಬ್ಬರ ನಿಧಾನ, ಇನ್ನೊಬ್ಬರ ಅವಸರ, ಎರಡೂ ಸೇರಿ ಆಗೋ ಮಜಾ ಬೇರೆ. ಹತ್ತು ವರ್ಷದ ನಂತರ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರ ಆನಗೋಡಿನ ಅಪಘಾತದಲ್ಲಿ ಶಂಕರ್ ತೀರಿಕೊಂಡರು. ಅನಂತನಾಗ್ 'ನನ್ನ ತಮ್ಮ ಶಂಕರ' ಅಂತ ಪುಸ್ತಕ ಬರೆದಿದ್ದಾರೆ. ಊರಿಗೆ ಹೋದಾಗ ತನ್ನಿ.

ದೆವ್ವದ ಸಿನಿಮಾ ಬೇಕು ಅನ್ನೋ ಹುಡುಗರಿಗೆ 'ನಾ ನಿನ್ನ ಬಿಡಲಾರೆ' (1979). ಕಾಮಿನಿ ಅನ್ನೋ ಹೆಸರು ಕೇಳಿದರೆ ನಮ್ಮ ತಲೆಮಾರಿನವರು ಇವತ್ತಿಗೂ ಒಮ್ಮೆ ಹಿಂದೆ ತಿರುಗಿ ನೋಡ್ತಾರೆ. ಮಜಾ ಏನು ಗೊತ್ತಾ? ಮರುವರ್ಷವೇ 'ಗೆಹ್ರಾಯೀ' ಅನ್ನೋ ಹಿಂದಿ ಸಿನಿಮಾ ಬಂತು. ಬೆಂಗಳೂರಿನ ಒಂದು ಕುಟುಂಬ, ಮೈಮೇಲೆ ಬಂದಿರೋದು ತಂಗಿಗೆ (ಪದ್ಮಿನಿ ಕೊಲ್ಹಾಪುರೆ), ಇವರು ಏನು ಮಾಡಬೇಕು ಅಂತ ತೋಚದ ಅಣ್ಣ. ಒಂದರಲ್ಲಿ ಕಾಟಕ್ಕೆ ಸಿಕ್ಕಿದವನು, ಇನ್ನೊಂದರಲ್ಲಿ ಕೈಕಟ್ಟಿ ನಿಲ್ಲಬೇಕಾದವನು. ಎರಡನೆಯದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ಪ್ರೇಮಕಥೆ ಬೇಕಾದರೆ ಲಕ್ಷ್ಮಿ ಜೊತೆಗಿನ 'ಚಂದನದ ಗೊಂಬೆ' (1979) ಇದೆ, 'ಮುದುಡಿದ ತಾವರೆ ಅರಳಿತು' (1983) ಇದೆ. ನಮ್ಮ ಅಮ್ಮಂದಿರ ಪಟ್ಟಿ ಅದು, ಅವರನ್ನೇ ಕೇಳಿ. ನನ್ನ ಪಟ್ಟಿಯಲ್ಲಿ 'ಬೆಳದಿಂಗಳ ಬಾಲೆ' (1995). ಸುನೀಲ್ ಕುಮಾರ್ ದೇಸಾಯಿ ನಿರ್ದೇಶನ, ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಆಧಾರ. ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತ್‌ಗೆ ಒಬ್ಬಳು ಫೋನ್ ಮಾಡಿ ನನ್ನನ್ನ ಹುಡುಕು ನೋಡೋಣ ಅಂತಾಳೆ. ಸಿನಿಮಾ ಮುಗಿದರೂ ಆಕೆಯ ಮುಖ ತೋರಿಸೋದಿಲ್ಲ! ಅಂದರೆ ಒಬ್ಬ ನಟ ಬರೀ ಒಂದು ರಿಸೀವರ್ ಹಿಡಿದು, ಎದುರಿಗೆ ಯಾರೂ ಇಲ್ಲದೆ, ಪ್ರೀತಿ ಹುಟ್ಟಿದ್ದನ್ನ ನಮಗೆ ನಂಬಿಸಬೇಕು. ಆಗ ಅವರಿಗೆ ನಲವತ್ತಾರು ದಾಟಿತ್ತು. ಐಎಸ್‌ಡಿ ಕಾರ್ಡ್ ಉಜ್ಜಿ ನಿಮಿಷ ಲೆಕ್ಕ ಹಾಕಿ ಊರಿಗೆ ಮಾತಾಡುತ್ತಿದ್ದ ಕಾಲದಲ್ಲಿ ನಾನು ಇದನ್ನ ಇಲ್ಲಿ ನೋಡಿದ್ದು, ಇಂಡಿಯನ್ ಅಂಗಡಿಯಿಂದ ಬಾಡಿಗೆಗೆ ತಂದ ಕ್ಯಾಸೆಟ್ಟಿನಲ್ಲಿ. ಫೋನಿನ ದನಿಯೊಂದನ್ನೇ ನಂಬಿ ಬದುಕೋದು ಅಂದರೆ ಏನು ಅಂತ ಆಗ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು.

'ಹಂಸಗೀತೆ' (1975) ಒಂದು ದಿನ ಪುರುಸೊತ್ತು ಮಾಡಿಕೊಂಡು ನೋಡಿ. ತ.ರಾ.ಸು. ಕಾದಂಬರಿ, ಜಿ.ವಿ. ಅಯ್ಯರ್ ನಿರ್ದೇಶನ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ತುಟಿ ಆಡಿಸಿದ ಹುಡುಗನಿಗೆ ಆಗ ಇಪ್ಪತ್ತಾರು ಇಪ್ಪತ್ತೇಳು ವರ್ಷ. ನಿಧಾನದ ಸಿನಿಮಾ, ಇಲ್ಲ ಅನ್ನೋಲ್ಲ. ಎಂ.ಎಸ್. ಸತ್ಯು ಅವರ 'ಬರ'ವೂ (1982) ಹಾಗೆ, ಅವಸರದವರಿಗಲ್ಲ. ಅನಂತಮೂರ್ತಿಯವರ ಕಥೆ. ಜಿಲ್ಲೆಗೆ ಬಂದ ಪ್ರಾಮಾಣಿಕ ಡಿಸಿ ಸತೀಶ. ಕಣ್ಣೆದುರೇ ಬರ ಇದೆ, ಆದರೆ ಬರಪೀಡಿತ ಅಂತ ಘೋಷಣೆ ಆಗಬೇಕಾದರೆ ರಾಜಧಾನಿಯ ಲೆಕ್ಕಾಚಾರಗಳು ಬೇರೆ ಇವೆ. ಪುಕ್ಕಲನ ಪಾತ್ರ ಅಲ್ಲ ಇದು. ಒಳ್ಳೆಯವನೇ. ಆದರೆ ಓದಿದ, ಇಂಗ್ಲಿಷ್ ಬಲ್ಲ, ತಾನು ಒಳ್ಳೆಯವನು ಅನ್ನೋದು ತನಗೇ ಗೊತ್ತಿರೋ ಮನುಷ್ಯನ ಅಸಹಾಯಕತೆ ಇದೆಯಲ್ಲ, ಅದು ನಮ್ಮಂಥವರಿಗೆ ಸೂರ್ಯನ ಹೇಡಿತನಕ್ಕಿಂತ ಹತ್ತಿರದ್ದು.

ಇನ್ನು ನನಗೆ ತೀರಾ ಬೇಕಾದ ಎರಡು. ಮೊದಲನೆಯದು ಸಿನಿಮಾ ಅಲ್ಲ, ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ 'ದಿ ವೆಂಡರ್ ಆಫ್ ಸ್ವೀಟ್ಸ್' ಕಂತುಗಳು. ಮಿಠಾಯಿ ಅಂಗಡಿ ಜಗನ್ ಆಗಿ ಅನಂತನಾಗ್. ನಲವತ್ತೂ ಆಗದ ವಯಸ್ಸಿನಲ್ಲಿ ಬೆಳೆದ ಮಗನ ಅಪ್ಪ. ಖಾದಿ, ಗೀತೆ, ಉಪ್ಪು ಸಕ್ಕರೆ ಬಿಟ್ಟ ಊಟ, ಸಂಜೆ ಗಲ್ಲಾಪೆಟ್ಟಿಗೆ ಲೆಕ್ಕ. ಮಗ ಮಾಲಿ ಅಮೆರಿಕಕ್ಕೆ ಹೋಗಿ, ಜೊತೆಗೊಬ್ಬಳನ್ನ ಕರಕೊಂಡು, ಕಥೆ ಬರೆಯೋ ಯಂತ್ರದ ಯೋಜನೆ ಹೊತ್ತು ವಾಪಸ್ ಬರ್ತಾನೆ. ಅಪ್ಪ ದುಡ್ಡು ಹಾಕಬೇಕಂತೆ. (ಆಗ ಆ ಯಂತ್ರ ದೊಡ್ಡ ಜೋಕು. ಈಗ ಎಲ್ಲರ ಫೋನಿನಲ್ಲೂ ಇದೆ.) ಹೈಸ್ಕೂಲಿನಲ್ಲಿದ್ದಾಗ ಇಡೀ ಮನೆ ಕೂತು ನೋಡಿ ನಕ್ಕಿದ್ದೆವು. ಮತ್ತೆ ನೋಡಿದ್ದು 2019ರಲ್ಲಿ, ಅಪ್ಪ ಆರು ತಿಂಗಳಿಗೆ ಅಂತ ನಮ್ಮಲ್ಲಿಗೆ ಬಂದಾಗ. ಮಗ ಮಾತಾಡೋದನ್ನ ಜಗನ್ ಕೇಳಿಸಿಕೊಳ್ತಾರೆ ನೋಡಿ, ಒಂದು ಅಕ್ಷರ ಅರ್ಥ ಆಗಿಲ್ಲ, ಆದರೆ ಮಗನ ಬಾಯಿಂದ ಬರ್ತಿದೆಯಲ್ಲ ಅಂತ ತಲೆ ಆಡಿಸ್ತಾರೆ. ಆ ತಲೆ ಆಡಿಸೋದು ನನಗೆ ಗೊತ್ತು. ನನ್ನ ಕೆಲಸ ಏನು ಅಂತ ನಾನು ವಿವರಿಸುವಾಗೆಲ್ಲ ಅಪ್ಪ ಹಾಗೇ ಆಡಿಸುತ್ತಿದ್ದರು.

"ಆ ಮಿಷನ್ನಿಗೆ ಎಷ್ಟು ಕೇಳ್ತಾನೋ ಅವನು?" ಅಂತ ಅಪ್ಪ ಕೇಳಿದರು. ಹೇಳಿದೆ. ಊಟಕ್ಕೆ ಕೂತಾಗ ಮತ್ತೆ ಕೇಳಿದರು. ಮಾರನೇ ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಇನ್ನೊಮ್ಮೆ. ಮರೆವು ಶುರುವಾಗಿದೆ ಅಂತ ಊರಿಂದ ತಂಗಿ ಹೇಳುತ್ತಿದ್ದದ್ದು ಏನು ಅಂತ ಆಗ ನನ್ನ ಮುಂದೆಯೇ ಕಂಡಿತು.

ಎರಡನೆಯದು ಅದಕ್ಕೇ ಸಂಬಂಧಿಸಿದ್ದು, 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016). ಕಾಣೆಯಾದವರ ಪ್ರಕಟಣೆಯ ಭಾಷೆಯನ್ನೇ ಹೆಸರು ಮಾಡಿದ್ದಾರೆ ಹೇಮಂತ್ ರಾವ್, ಅದು ಅವರ ಮೊದಲ ಸಿನಿಮಾ. ಅಲ್‌ಝೈಮರ್ಸ್ ಇರೋ ವೆಂಕೋಬರಾವ್ ಕಳೆದುಹೋಗ್ತಾರೆ, ಮುಂಬಯಿಯಲ್ಲಿ ಕೆಲಸ ಮಾಡೋ ಮಗ (ರಕ್ಷಿತ್ ಶೆಟ್ಟಿ) ಹುಡುಕ್ತಾನೆ. ಹುಡುಕ್ತಾ ಹುಡುಕ್ತಾ ಅಪ್ಪ ಯಾರು ಅಂತ ಬೇರೆಯವರ ಬಾಯಿಂದ ತಿಳಕೊಳ್ತಾನೆ. ಇತ್ತ ಅಪ್ಪ ಕೊಲೆಗಾರರ ಗಾಡಿ ಹತ್ತಿ ಕೂತಿದ್ದಾರೆ, ಅವರಿಗೆ ಅದರ ಪರಿವೆಯೇ ಇಲ್ಲ. ಮರೆವಿನ ಪಾತ್ರ ಅಂದರೆ ನಟರು ಸಾಮಾನ್ಯವಾಗಿ ಅಳಿಸೋಕೆ ಹೊರಡ್ತಾರೆ. ಅನಂತನಾಗ್ ಅಳಿಸೋಕೆ ಹೋಗೋದಿಲ್ಲ. ವೆಂಕೋಬರಾವ್ ತಮ್ಮ ಪಾಡಿಗೆ ಆರಾಮಾಗಿದ್ದಾರೆ, ತೀರಿಕೊಂಡ ಹೆಂಡತಿಯ ಸುದ್ದಿ ಹೇಳುವಾಗ ಹೊಸ ಮದುಮಗನ ಹಾಗೆ ಮುಖ ಅರಳುತ್ತೆ. ಕಷ್ಟವೆಲ್ಲ ನೋಡೋ ನಮಗೆ.

ಇದನ್ನ ಮಾವನಿಗೆ ತೋರಿಸೋದಾ ಬೇಡವಾ ಅಂತ ನನ್ನ ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿ ಕೇಳಿದ್ದಳು. ಬೇಡ ಅಂತಲೇ ಇದ್ದೆವು. ಒಂದು ಸಂಜೆ ನಾವು ನೋಡ್ತಾ ಇರುವಾಗ ಅವರೇ ಬಂದು ಪಕ್ಕ ಕೂತರು. ಕೊನೆಯವರೆಗೂ ನೋಡಿದರು, ನಮಗಿಂತ ಹೆಚ್ಚು ನಕ್ಕರು. ಮುಗಿದ ಮೇಲೆ, "ಚೆನ್ನಾಗಿ ಮಾಡ್ತಾನೆ ಈ ಹುಡುಗ. ಗಣೇಶನ ಮದುವೇಲಿ ಇದ್ದನಲ್ಲ" ಅಂದರು. ಅಪ್ಪನಿಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರಷ್ಟೇ ಆ 'ಹುಡುಗ'! ಆಮೇಲೆ 'ಗಣೇಶನ ಮದುವೆ' ನೋಡಿದ ದಿನ ನಾವು ಯಾರ್ಯಾರು ಹೋಗಿದ್ದೆವು, ಇಂಟರ್ವಲ್ಲಿನಲ್ಲಿ ನಾನು ಎಷ್ಟು ಹಠ ಮಾಡಿ ಏನು ತಿಂದೆ, ವಾಪಸ್ ಬರುವಾಗ ಮಳೆ ಬಂದು ಯಾರ ಅಂಗಡಿ ಜಗುಲಿಯಲ್ಲಿ ನಿಂತೆವು, ಎಲ್ಲ ಹೇಳಿದರು. ನನಗೇ ಅದರಲ್ಲಿ ಅರ್ಧ ನೆನಪಿರಲಿಲ್ಲ. ಅಪ್ಪ ಈಗಿಲ್ಲ. ಅವರು ತಪ್ಪಿಲ್ಲದೆ ಪೂರ್ತಿ ಹೇಳಿದ್ದನ್ನ ನಾನು ಕೇಳಿದ ಕೊನೆಯ ಕಥೆ ಅದೇ.

ಹೊಸ ಸಿನಿಮಾಗಳಲ್ಲಿ ಇನ್ನೆರಡು ಹೇಳಿ ಮುಗಿಸ್ತೀನಿ. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' (2018), ರಿಷಬ್ ಶೆಟ್ಟಿ ನಿರ್ದೇಶನ. ಕನ್ನಡ ಶಾಲೆ ಮುಚ್ಚದ ಹಾಗೆ ನೋಡಿಕೊಳ್ಳೋಕೆ ಮಕ್ಕಳು ಮೈಸೂರಿನಿಂದ ಅನಂತಪದ್ಮನಾಭ ಅನ್ನೋರನ್ನ ಕರಕೊಂಡು ಬರ್ತಾರೆ. ಕೋರ್ಟಿನ ಮಾತು ಸ್ವಲ್ಪ ಉದ್ದವಾಯಿತು ಅಂತ ನನಗನ್ನಿಸಿದರೂ, ಭಾನುವಾರದ ಕನ್ನಡ ಕ್ಲಾಸಿಗೆ ಹೋಗೋ ಇಲ್ಲಿನ ಮಕ್ಕಳು ಅದೇ ದೃಶ್ಯಕ್ಕೆ ಚಪ್ಪಾಳೆ ತಟ್ಟಿದ್ದು. ಇನ್ನೊಂದು 'ಕವಲುದಾರಿ' (2019), ಮತ್ತೆ ಹೇಮಂತ್ ರಾವ್. ಮೆಟ್ರೋ ಕೆಲಸಕ್ಕೆ ಅಗೆದಾಗ ಸಿಗೋ ಮೂಳೆಗಳು, ದಶಕಗಳ ಹಿಂದಿನ ಕೊಲೆ, ಆ ಕೇಸನ್ನ ತಲೆಯಿಂದ ಕಿತ್ತುಹಾಕಲಾಗದ ನಿವೃತ್ತ ಇನ್ಸ್‌ಪೆಕ್ಟರ್ ಮುತ್ತಣ್ಣ. ಎಲ್ಲ ಮರೆತ ಮುದುಕನನ್ನ ಮಾಡಿಸಿದ ನಿರ್ದೇಶಕ ಮೂರು ವರ್ಷಕ್ಕೆ ಏನನ್ನೂ ಮರೆಯಲಾಗದ ಮುದುಕನನ್ನ ಮಾಡಿಸಿದ್ದಾರೆ! ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿ. 2025ರಲ್ಲಿ ಪದ್ಮಭೂಷಣ ಕೊಟ್ಟರು, ಸಂತೋಷ. ತಡ ಆಯಿತು ಅನ್ನೋದು ಬೇರೆ ಮಾತು.

ಹಳೆಯವುಗಳ ಪ್ರಿಂಟು ಹೇಗಿರುತ್ತೆ ಅಂತ ಭರವಸೆ ಇಲ್ಲ. ಮಕ್ಕಳ ಪಕ್ಕ ನೀವೇ ಕೂತು ಅರ್ಥ ಹೇಳೋಕೂ ಸಿದ್ಧರಾಗಿರಿ. ಒಂದೇ ಒಂದು ಎಚ್ಚರಿಕೆ: 'ಅಂಕುರ್' ನೋಡಿದ ದಿನವೇ 'ಗಣೇಶನ ಮದುವೆ' ನೋಡಬೇಡಿ. ವೈ.ಜಿ. ರಾವ್ ವಠಾರದ ಬಾಗಿಲಲ್ಲಿ ನಿಂತು ನಕ್ಕಾಗ ಸೂರ್ಯ ನೆನಪಾಗಿ, ಅಷ್ಟು ಹೊತ್ತು ನಗು ಬರೋದೇ ಇಲ್ಲ.